ಮೊದಲ ಏಕವ್ಯಕ್ತಿ ಪ್ರದರ್ಶನಕ್ಕೆ ಐದು ತಿಂಗಳಿದೆ: 31 ಚಿತ್ರಗಳಲ್ಲಿ ಎಷ್ಟನ್ನು ಗೋಡೆಗೆ ಏರಿಸಬೇಕು?

ಪ್ರಶ್ನೆ: ಸೋಗೆಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಶಿವಮೊಗ್ಗದಲ್ಲಿ ಎರಡು ಸಮೂಹ ಪ್ರದರ್ಶನಗಳಲ್ಲಿ ಪಾಲ್ಗೊಂಡಿದ್ದೇನೆ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಮೂರು ಸಲ ಮಳಿಗೆ ಹಾಕಿದ್ದೇನೆ. ಈಗ ಡಿಸೆಂಬರ್ ಎರಡನೆಯ ವಾರಕ್ಕೆ ಬೆಂಗಳೂರಿನ ಒಂದು ಬಾಡಿಗೆ ಗ್ಯಾಲರಿ ಆರು ದಿನಗಳ ಮಟ್ಟಿಗೆ ದೊರೆತಿದೆ. ಮುಂಗಡ ಕಟ್ಟಿ ಬಂದ ದಿನ ಇದ್ದ ಹುರುಪು ಮನೆಗೆ ಬಂದು ಚಿತ್ರಗಳನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಒರಗಿಸಿದ ಮೇಲೆ ಆತಂಕವಾಗಿ ಬದಲಾಗಿದೆ.

ಚಿತ್ರಗಳೆಲ್ಲ ಅಡಕೆ ಸುಗ್ಗಿಗೆ ಸಂಬಂಧಿಸಿದವು: ಕೊನೆ (ಅಡಕೆ ಗೊಂಚಲು) ಇಳಿಸುವುದು, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲ ಸುಲಿಯುವ ಹೆಂಗಸರು, ಹಂಡೆಯಲ್ಲಿ ಬೇಯುವ ಅಡಕೆ, ಅಟ್ಟದ ಮೇಲೆ ಹರವಿದ ರಾಶಿ. ಒಟ್ಟು 31 ಇವೆ. 17 ತೈಲವರ್ಣ, 14 ಜಲವರ್ಣ. ಜಲವರ್ಣದ ಕಾಗದಕ್ಕೆ ಅಡಕೆ ಬೇಯಿಸಿದ ನೀರು, ಅಂದರೆ ಚೊಗರನ್ನೇ ತೆಳುವಾಗಿ ಬಳಿದು, ಅದು ಒಣಗಿದ ಮೇಲೆ ಬಣ್ಣ ಹಾಕಿದ್ದೇನೆ. ತೈಲವರ್ಣಗಳಲ್ಲಿ ನಾಲ್ಕು ಇನ್ನೂ ಮುಗಿದಿಲ್ಲ. ಅವುಗಳಲ್ಲೊಂದು 5 ಅಡಿ ಅಗಲ, 4 ಅಡಿ ಎತ್ತರದ ಹಂಡೆಯ ಚಿತ್ರ. ಪ್ರದರ್ಶನದ ಮುಖ್ಯ ಚಿತ್ರ ಅದೇ ಎಂದುಕೊಂಡಿದ್ದೇನೆ. ನಮ್ಮಲ್ಲಿ ಈಗ ಜಡಿಮಳೆ. ಕಳೆದ ತಿಂಗಳು ಹಚ್ಚಿದ ಕೆಂಪು ಇವತ್ತಿಗೂ ಬೆರಳಿಗೆ ಅಂಟುತ್ತದೆ. ಹಳೆಯ ಎರಡು ಕ್ಯಾನ್ವಾಸ್‌ಗಳ ಹಿಂಬದಿಯಲ್ಲಿ ಬೂಷ್ಟು ಕಾಣಿಸಿಕೊಂಡಿದೆ.

ಗ್ಯಾಲರಿಯ ಕೋಣೆ 30 ಅಡಿ ಉದ್ದ, 20 ಅಡಿ ಅಗಲವಿದೆ. ಅಲ್ಲಿ ಎಷ್ಟು ಚಿತ್ರಗಳನ್ನು ಹಾಕಬಹುದು? ವಾರ್ನಿಷ್ ಯಾವಾಗ ಹಚ್ಚಬೇಕು? ಎಲ್ಲಕ್ಕೂ ಕಟ್ಟು ಹಾಕಿಸಲೇಬೇಕೇ? ಬೆಲೆಯದು ಇನ್ನೊಂದು ತೊಡಕು. ಚಿತ್ರಸಂತೆಯಲ್ಲಿ 3,000 ರೂಪಾಯಿಗೆ ನನ್ನ ಚಿತ್ರ ಕೊಂಡವರೇ ಗ್ಯಾಲರಿಗೂ ಬಂದರೆ ಅವರಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1: ಹಳೆಯ ಕ್ಯಾನ್ವಾಸ್ (ಬೆಂಗಳೂರು)

ಮೇಡಂ, ಅಭಿನಂದನೆಗಳು. ಎಷ್ಟು ಚಿತ್ರ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ನಡುಮನೆಯಲ್ಲಿಲ್ಲ, ಆ ಕೋಣೆಯ ಗೋಡೆಯಲ್ಲಿದೆ. ಆದ್ದರಿಂದ ಮೊದಲು ಲೆಕ್ಕ ಹಾಕೋಣ. ನಾಲ್ಕು ಗೋಡೆಗಳು ಸೇರಿ 100 ಅಡಿ. ಬಾಗಿಲು, ಸ್ವಿಚ್‌ಬೋರ್ಡು, ಮೇಜು ಹಾಕುವ ಜಾಗ ಕಳೆದರೆ 90 ಅಡಿ ಉಳಿಯಿತೆಂದುಕೊಳ್ಳಿ. ಪ್ರತಿ ಮೂಲೆಯಲ್ಲೂ ಒಟ್ಟು 2 ಅಡಿಯಾದರೂ ಖಾಲಿ ಬಿಡಬೇಕು, ಇಲ್ಲವಾದರೆ ಎರಡು ಗೋಡೆಗಳ ಚಿತ್ರಗಳು ಒಂದಕ್ಕೊಂದು ಮೊಣಕೈ ತಾಗಿಸಿಕೊಂಡಂತೆ ಕಾಣುತ್ತವೆ. ಅಲ್ಲಿಗೆ 82 ಅಡಿ. ನಿಮ್ಮ ತೈಲವರ್ಣಗಳ ಅಗಲ ಸರಾಸರಿ 3 ಅಡಿ ಎಂದಿಟ್ಟುಕೊಂಡು, ನಡುವೆ 2 ಅಡಿ ಬಿಟ್ಟರೆ ಒಂದಕ್ಕೆ 5 ಅಡಿ ಬೇಕು. 11 ಚಿತ್ರಗಳಿಗೆ 55 ಅಡಿ ಆಯಿತು. ಉಳಿದ 27 ಅಡಿಯಲ್ಲಿ ಜಲವರ್ಣಗಳನ್ನು ಮೂರು ಮೂರರ ಗುಂಪಾಗಿ, ನಡುವೆ ಅರ್ಧ ಅಡಿ ಮಾತ್ರ ಬಿಟ್ಟು ಹಾಕಿದರೆ 9 ಹಿಡಿಸುತ್ತವೆ. ಅಂದರೆ ಒಟ್ಟು 20. ಉಳಿದ 11 ಚಿತ್ರಗಳು ಸಾಗರದಲ್ಲೇ ಇರಲಿ.

ಇದು ನಿಮಗೆ ಕಹಿಯಾಗಿ ಕೇಳಿಸುತ್ತದೆಂದು ಬಲ್ಲೆ. ನನ್ನ ಮೊದಲ ಪ್ರದರ್ಶನದಲ್ಲಿ ಬಾಡಿಗೆ ಕೊಟ್ಟಿದ್ದೇನಲ್ಲ ಎಂಬ ಹಠದಿಂದ 38 ಚಿತ್ರಗಳನ್ನು ಎರಡು ಸಾಲುಗಳಲ್ಲಿ ತುಂಬಿದ್ದೆ. ಬಂದವರು ಮದುವೆ ಮನೆಯ ಉಡುಗೊರೆಗಳನ್ನು ನೋಡುವಂತೆ ಕತ್ತು ತಿರುಗಿಸುತ್ತ ಹತ್ತು ನಿಮಿಷದಲ್ಲಿ ಹೊರಗೆ ಹೋದರು. ಆರು ದಿನವೂ ಬಾಗಿಲ ಬಳಿ ಕುಳಿತು ಅದನ್ನೇ ನೋಡಿದ ಮೇಲೆ ನನಗೆ ಬುದ್ಧಿ ಬಂತು.

ಯಾವುದನ್ನು ಬಿಡುವುದು ಎಂಬುದಕ್ಕೆ ಒಂದು ಉಪಾಯವಿದೆ. ಗ್ರಾಫ್ ಕಾಗದದ ಮೇಲೆ 1 ಅಡಿಗೆ 1 ಸೆಂಟಿಮೀಟರ್ ಲೆಕ್ಕದಲ್ಲಿ ನಾಲ್ಕೂ ಗೋಡೆಗಳನ್ನು ಬರೆದುಕೊಳ್ಳಿ. ಅದೇ ಅಳತೆಗೆ ಪ್ರತಿಯೊಂದು ಚಿತ್ರದ ಸಣ್ಣ ಪಡಿಯಚ್ಚನ್ನು ಕತ್ತರಿಸಿ, ಇಸ್ಪೀಟೆಲೆ ಆಡಿಸಿದಂತೆ ಒಂದು ವಾರ ಜರುಗಿಸುತ್ತಿರಿ. ಒಂದು ಚಿತ್ರ ಒಂಟಿಯಾಗಿ ಎಷ್ಟೇ ಚೆನ್ನಾಗಿದ್ದರೂ ಪಕ್ಕದ್ದನ್ನು ಕೊಲ್ಲುವಂತಿದ್ದರೆ ಅದನ್ನು ಬಿಡಬೇಕಾಗುತ್ತದೆ. ಮೆಟ್ಟುಗತ್ತಿಯ ಹೆಂಗಸರ ಚಿತ್ರಗಳು ನಾಲ್ಕಾರು ಇದ್ದರೆ ಎರಡನ್ನು ಉಳಿಸಿಕೊಳ್ಳಿ. ಬಾಗಿಲಿನಿಂದ ಒಳಗೆ ಕಾಲಿಟ್ಟೊಡನೆ ಎದುರಿಗೆ ಕಾಣುವ ಗೋಡೆಯನ್ನು ಹಂಡೆಯ ಚಿತ್ರವೊಂದಕ್ಕೇ ಮೀಸಲಿಟ್ಟು, ಎರಡೂ ಪಕ್ಕ ಧಾರಾಳವಾಗಿ ಜಾಗ ಬಿಡಿ. ಅದರ ಅಗಲ 5 ಅಡಿ ಇರುವುದರಿಂದ ನನ್ನ ಲೆಕ್ಕದಲ್ಲಿ ಇನ್ನೊಂದು ಸಣ್ಣ ಚಿತ್ರವೂ ಹೊರಗುಳಿಯಬಹುದು.

ಎತ್ತರದ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಚಿತ್ರದ ಮೇಲಂಚನ್ನು ಸರಿದೂಗಿಸಬೇಡಿ, ನಡುಮಧ್ಯವನ್ನು ಸರಿದೂಗಿಸಿ. ನೆಲದಿಂದ 58 ಅಂಗುಲದಲ್ಲಿ ಎಲ್ಲ ಚಿತ್ರಗಳ ಮಧ್ಯಬಿಂದು ಬಂದರೆ ನಿಂತು ನೋಡುವವರ ಕಣ್ಣಿಗೆ ಹಿತವಾಗುತ್ತದೆ. 36 ಅಂಗುಲ ಎತ್ತರದ ಚಿತ್ರಕ್ಕೆ 58ಕ್ಕೆ ಅದರ ಅರ್ಧವಾದ 18ನ್ನು ಕೂಡಿಸಿ, ಹಿಂದಿನ ತಂತಿಯನ್ನು ಬಿಗಿಯಾಗಿ ಎಳೆದಾಗ ಅದು ಮೇಲಂಚಿಗಿಂತ 4 ಅಂಗುಲ ಕೆಳಗಿದ್ದರೆ ಆ 4ನ್ನು ಕಳೆಯಿರಿ. ಮೊಳೆಯ ಜಾಗ 72 ಅಂಗುಲ. ಈ ಲೆಕ್ಕವನ್ನು ಪ್ರತಿ ಚಿತ್ರಕ್ಕೂ ಸಾಗರದಲ್ಲೇ ಮಾಡಿ, ಚಿತ್ರದ ಹಿಂಬದಿಗೆ ಬರೆದಿಟ್ಟುಕೊಂಡು ಬನ್ನಿ. ಗ್ಯಾಲರಿಯಲ್ಲಿ ತೂಗುಹಾಕಲು ಸಾಮಾನ್ಯವಾಗಿ ಒಂದು ಸಂಜೆಯಷ್ಟೇ ಸಿಗುತ್ತದೆ, ಆ ಹೊತ್ತಿಗೆ ತಲೆ ಓಡುವುದಿಲ್ಲ. ಕೆಲವು ಗ್ಯಾಲರಿಗಳಲ್ಲಿ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ, ಮೇಲಿನ ಪಟ್ಟಿಯಿಂದ ಸರಪಳಿ ಇಳಿಬಿಡಬೇಕು. ಅದನ್ನು ಈಗಲೇ ಕೇಳಿಕೊಳ್ಳಿ. ರಸಮಟ್ಟ, ಅಳತೆಪಟ್ಟಿ, ಕತ್ತರಿ, ಇಕ್ಕಳ, ಬಿಳಿಯ ಕೈಗವಸುಗಳನ್ನು ಒಂದು ಚೀಲದಲ್ಲಿ ನೀವೇ ತನ್ನಿ. ಅಲ್ಲಿ ಏಣಿಯೊಂದು ಇದ್ದರೆ ನಿಮ್ಮ ಪುಣ್ಯ.

ವಾರ್ನಿಷ್ ಬಗ್ಗೆ ಹೇಳುವುದಾದರೆ, ಎಣ್ಣೆಬಣ್ಣ ಒಣಗುವುದು ಅಂಗಳದಲ್ಲಿ ಹರವಿದ ಅಡಕೆ ಒಣಗಿದಂತೆ ಅಲ್ಲ. ಅಡಕೆಯಲ್ಲಿ ನೀರು ಆರಿಹೋಗುತ್ತದೆ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆಯಾದರೋ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಅಂಬರ್‌ನಂತಹ ಮಣ್ಣಿನ ಬಣ್ಣಗಳು ಬೇಗ ಒಣಗಿದರೆ ಅಲಿಜರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು ಬಹಳ ನಿಧಾನ. ನಿಮ್ಮ ಬೆರಳಿಗೆ ಅಂಟುತ್ತಿರುವ ಕೆಂಪು ಬಹುಶಃ ಅಲಿಜರಿನ್ ಇರಬೇಕು. ಚಳಿ ಮತ್ತು ತೇವ ಸೇರಿದರೆ ಅದು ಇನ್ನೂ ನಿಧಾನವಾಗುತ್ತದೆ. ಸಾಂಪ್ರದಾಯಿಕ ಡಾಮರ್ (ಒಂದು ಬಗೆಯ ಮರದ ರಾಳದ) ವಾರ್ನಿಷ್ ಹಚ್ಚಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಆದ್ದರಿಂದ ಕಳೆದ ವರ್ಷ ಮುಗಿಸಿದ ಚಿತ್ರಗಳಿಗೆ ಮಾತ್ರ ಹಚ್ಚಿ. ಅದಕ್ಕೂ ಮೊದಲು ಮೂಲೆಯಲ್ಲಿ ಕಾಣದ ಕಡೆ ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೆಲ್ಲನೆ ಒರೆಸಿ ನೋಡಿ. ಬಣ್ಣ ಬಂದರೆ ಮುಟ್ಟಬೇಡಿ. ಹಚ್ಚುವುದಿದ್ದರೂ ಮಳೆಗಾಲದಲ್ಲಿ ಬೇಡ. ತೇವದ ಗಾಳಿಯಲ್ಲಿ ಹಚ್ಚಿದ ವಾರ್ನಿಷ್ ಮೇಲೆ ಹಾಲು ಚೆಲ್ಲಿದಂತೆ ಮಬ್ಬು ಕಟ್ಟುತ್ತದೆ. ನವೆಂಬರ್ ಬಿಸಿಲು ಬರುವವರೆಗೆ ಕಾಯಿರಿ.

ಬೆಂಗಳೂರಿಗೆ ಬಂದಾಗ ಒಂದು ಅರ್ಧ ದಿನ ಉಳಿಸಿಕೊಂಡು, ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಈ ಸಲ ಚಿತ್ರಗಳನ್ನು ನೋಡಬೇಡಿ. ಚಿತ್ರಗಳ ನಡುವೆ ಅವರು ಎಷ್ಟು ಗೋಡೆ ಬಿಟ್ಟಿದ್ದಾರೆ, ದೀಪ ಎಲ್ಲಿಂದ ಬೀಳುತ್ತದೆ, ಚೀಟಿ ಎಲ್ಲಿದೆ ಎಂಬುದನ್ನು ಮಾತ್ರ ನೋಡಿ.

ಉತ್ತರ 2: ಕಟ್ಟಿನ ಕೆಲಸ (ಹುಬ್ಬಳ್ಳಿ)

ಅಕ್ಕನವರೇ, ನಾನು ಚಿತ್ರ ಬರೆಯುವವನಲ್ಲ, 22 ವರ್ಷಗಳಿಂದ ಚಿತ್ರಗಳಿಗೆ ಕಟ್ಟು ಹಾಕುವವನು. ತೈಲವರ್ಣಗಳಿಗೆ ಗಾಜು ಬೇಕಿಲ್ಲ. ಕ್ಯಾನ್ವಾಸಿನ ಪಕ್ಕದ ಅಂಚುಗಳಿಗೂ ಅಚ್ಚುಕಟ್ಟಾಗಿ ಬಣ್ಣ ಹಾಕಿದ್ದರೆ ಕಟ್ಟೇ ಇಲ್ಲದೆ ತೂಗುಹಾಕಬಹುದು, ಖರ್ಚೂ ಉಳಿಯುತ್ತದೆ. ಹಾಕಿಸುವುದಾದರೆ ಎಲ್ಲಕ್ಕೂ ಒಂದೇ ಬಗೆಯ ತೆಳುವಾದ ಪಟ್ಟಿ ಆರಿಸಿ. ಹೊನ್ನಿನ ಬಣ್ಣದ ಹೂಬಳ್ಳಿಯ ಕಟ್ಟುಗಳನ್ನು ಮಾರುವುದು ನಮಗೆ ಲಾಭ, ನಿಮ್ಮ ಹಂಡೆಗೆ ಅವು ಒಪ್ಪುವುದಿಲ್ಲ.

ಜಲವರ್ಣಗಳಿಗೆ ಮಾತ್ರ ಗಾಜು ಬೇಕೇ ಬೇಕು. ಗಾಜಿಗೆ ಕಾಗದ ತಾಗಬಾರದು. ಹೀಗಾಗಿ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರುವ ದಪ್ಪ ರಟ್ಟು) ಇರಬೇಕು, ಅದು ಆಮ್ಲರಹಿತವಾಗಿರಬೇಕು. ಅಗ್ಗದ ಮೌಂಟಿನ ಕತ್ತರಿಸಿದ ಅಂಚು ಕೆಲವೇ ವರ್ಷಗಳಲ್ಲಿ ಹಳದಿಯಾಗಿ, ಅದೇ ಕಲೆ ಚಿತ್ರಕ್ಕೂ ಇಳಿಯುತ್ತದೆ. ಚಿತ್ರದ ನಾಲ್ಕೂ ಅಂಚುಗಳನ್ನು ಅಂಟಿಸಲು ಯಾರಿಗೂ ಬಿಡಬೇಡಿ. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಹಪ್ಪಳದಂತೆ ಉಬ್ಬುತ್ತದೆ. ಮೇಲಂಚಿನಲ್ಲಿ ಎರಡು ಕಡೆ ಮಾತ್ರ ಗೋಧಿ ಹಿಟ್ಟಿನ ಸರಿಯಿಂದ ತೆಳುವಾದ ಕಾಗದದ ಪಟ್ಟಿ ಅಂಟಿಸಿ, ಚಿತ್ರ ಇಳಿಬಿದ್ದಂತೆ ಇರಲಿ. ಸೆಲ್ಲೋಟೇಪ್ ಹಚ್ಚಿ ತಂದವರನ್ನು ನಾನು ನೇರವಾಗಿಯೇ ಬೈಯುತ್ತೇನೆ. ಕಟ್ಟಿನ ಹಿಂಬದಿಯ ಕೆಳಗಿನ ಎರಡು ಮೂಲೆಗಳಿಗೆ ಸಣ್ಣ ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ.

ನಿಮ್ಮ ಚೊಗರಿನ ವಿಷಯ ಓದಿ ಕುತೂಹಲವಾಯಿತು. ಸಸ್ಯದ ಬಣ್ಣಗಳು ಬೆಳಕಿಗೆ ಬದಲಾಗುವುದನ್ನು ನಾನು ಬಹಳ ನೋಡಿದ್ದೇನೆ. ಈಗಲೇ ಒಂದು ಚೂರು ಕಾಗದಕ್ಕೆ ಚೊಗರು ಬಳಿದು, ಅರ್ಧ ಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ, ಬಿಸಿಲು ಬರುವ ಕಿಟಕಿಗೆ ಅಂಟಿಸಿಡಿ. ಪ್ರದರ್ಶನದ ಹೊತ್ತಿಗೆ ಎರಡು ಭಾಗಗಳ ನಡುವೆ ಗೆರೆ ಕಂಡರೆ, ಕೊಳ್ಳುವವರಿಗೆ ನೇರ ಬೆಳಕು ಬೀಳದ ಗೋಡೆಗೆ ಹಾಕಿ ಎಂದು ಮೊದಲೇ ಹೇಳಬಹುದು.

ಬೂಷ್ಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಒಳ್ಳೆಯ ಬಿಸಿಲಿನ ದಿನ ಕ್ಯಾನ್ವಾಸನ್ನು ಹೊರಗೆ ತಂದು, ಬಣ್ಣದ ಬದಿ ನೆರಳಿಗೂ ಹಿಂಬದಿ ಬೆಳಕಿಗೂ ಬರುವಂತೆ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮೃದುವಾದ ಕುಂಚದಿಂದ ಉದುರಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಮನೆಯೊಳಗೆ ಉದುರಿಸಬೇಡಿ. ಆಮೇಲೆ ಆ ಎರಡನ್ನು ಬೇರೆ ಚಿತ್ರಗಳಿಂದ ದೂರವಿಡಿ.

ಸಾಗಿಸುವಾಗ ಚಿತ್ರಗಳನ್ನು ನಿಲ್ಲಿಸಿಯೇ ಒಯ್ಯಬೇಕು. ಒಂದರ ಮೇಲೊಂದು ಮಲಗಿಸಬಾರದು. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುವೆ ರಟ್ಟು. ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿದರೆ, ಒಡೆದರೂ ಚೂರು ಚಿತ್ರವನ್ನು ಕೊಯ್ಯುವುದಿಲ್ಲ.

ಉತ್ತರ 3: ನೀಲಿಮಸಿ (ಮೈಸೂರು)

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ಸಾಗಣೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾನು ಅಕ್ರಿಲಿಕ್‌ನಲ್ಲಿ ಕೆಲಸ ಮಾಡುವವನು. ಒಮ್ಮೆ ಕೆರೆಯೊಂದರ ದೊಡ್ಡ ಚಿತ್ರವನ್ನು ಬಬಲ್ ರ್‍ಯಾಪ್‌ನಲ್ಲಿ ಗುಳ್ಳೆಗಳು ಒಳಮುಖವಾಗಿರುವಂತೆ ಸುತ್ತಿ, ಏಪ್ರಿಲ್ ಬಿಸಿಲಿನಲ್ಲಿ ಗೂಡ್ಸ್ ಆಟೋದಲ್ಲಿ ಕಳಿಸಿದೆ. ಬಿಚ್ಚಿದಾಗ ಕೆರೆಯ ನೀರಿನ ಮೇಲೆ ಸಾಲುಸಾಲಾಗಿ ದುಂಡನೆಯ ಗುರುತುಗಳು. ನೋಡಿದವರೊಬ್ಬರು ಮಳೆಹನಿ ಬಹಳ ಸೊಗಸಾಗಿ ಬಂದಿದೆ ಎಂದು ಹೊಗಳಿದರು, ನಾನು ಸುಮ್ಮನಿದ್ದೆ. ಬಣ್ಣಕ್ಕೆ ತಾಗುವಂತೆ ಮೊದಲು ಗ್ಲಾಸೀನ್ ಎಂಬ ನುಣುಪಾದ ತೆಳು ಕಾಗದ ಹಾಕಿ, ಅದರ ಮೇಲೆ ಬಬಲ್ ರ್‍ಯಾಪನ್ನು ಗುಳ್ಳೆ ಹೊರಗಿರುವಂತೆ ಸುತ್ತಬೇಕು. ಇನ್ನೂ ಅಂಟುವ ತೈಲವರ್ಣಕ್ಕೆ ಯಾವ ಕಾಗದವೂ ತಾಗಬಾರದು. ನಾಲ್ಕು ಮೂಲೆಗಳಿಗೆ ದಪ್ಪ ರಟ್ಟಿನ ಗೂಡು ತೊಡಿಸಿ ಅದರ ಮೇಲೆ ಸುತ್ತಬೇಕು.

ಇನ್ನು ಬೆಲೆ. ಚದರ ಅಂಗುಲಕ್ಕೆ ಇಷ್ಟು ಎಂದು ಹಲವರು ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ಚದರ ಅಂಗುಲಕ್ಕೆ 25 ರೂಪಾಯಿ ಹಿಡಿದರೆ 12×12 ಅಂಗುಲದ ಚಿತ್ರ 3,600, 24×36ರದ್ದು 21,600, ನಿಮ್ಮ ಹಂಡೆಯ 48×60ರದ್ದು 72,000 ಆಗುತ್ತದೆ. ದೊಡ್ಡದು ಕೈಗೆಟುಕದಂತೆ ಏರುತ್ತದೆ, ಸಣ್ಣದು ಕಟ್ಟಿನ ಖರ್ಚನ್ನೂ ಹೊರಡಿಸುವುದಿಲ್ಲ. ಅದರ ಬದಲು ಎತ್ತರ ಮತ್ತು ಅಗಲವನ್ನು ಕೂಡಿಸಿ, ಆ ಮೊತ್ತದ ಪ್ರತಿ ಅಂಗುಲಕ್ಕೆ 350 ರೂಪಾಯಿ ಹಿಡಿದು ನೋಡಿ: ಅದೇ ಮೂರು ಚಿತ್ರಗಳು ಕ್ರಮವಾಗಿ 8,400, 21,000 ಮತ್ತು 37,800 ಆಗುತ್ತವೆ. ನನಗೆ ಈ ಲೆಕ್ಕ ಹೆಚ್ಚು ನ್ಯಾಯವೆನಿಸುತ್ತದೆ. 350 ಎಂಬುದು ಉದಾಹರಣೆಗೆ ಹೇಳಿದ್ದು, ನಿಮ್ಮ ದರವನ್ನು ನೀವೇ ನಿರ್ಧರಿಸಬೇಕು. ಅದನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಮನೆಯಲ್ಲಿ ಒಂದು ಬೆಲೆ, ಗ್ಯಾಲರಿಯಲ್ಲಿ ಇನ್ನೊಂದು ಬೆಲೆ ಎಂದು ಮಾಡಬೇಡಿ. ಚಿತ್ರಸಂತೆಯಲ್ಲಿ ಕೊಂಡವರು ಕೇಳಿದರೆ, ಅಲ್ಲಿ ಮಾರಿದ್ದು ಕಟ್ಟಿಲ್ಲದ ಸಣ್ಣ ಕಾಗದದ ಚಿತ್ರ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದರಾಯಿತು. ಅವರು ಮೊದಲೇ ಕೊಂಡದ್ದಕ್ಕೆ ಸಂತೋಷಪಡುವವರೇ ಹೊರತು ಜಗಳಕ್ಕೆ ಬರುವವರಲ್ಲ.

ಬೆಲೆಯನ್ನು ಗೋಡೆಯ ಚೀಟಿಯಲ್ಲಿ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಚೀಟಿಯಲ್ಲಿ ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಇರಲಿ; ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಬೆಲೆಪಟ್ಟಿ ಮೇಜಿನ ಮೇಲಿರಲಿ. ಗೋಡೆಯಲ್ಲಿ ಬೆಲೆ ಕಂಡರೆ ಜನ ಅದನ್ನೇ ಓದುತ್ತ ಹೋಗುತ್ತಾರೆ.

ಕಟ್ಟು ಹಾಕಿಸುವ ಮೊದಲೇ ಎಲ್ಲ ಚಿತ್ರಗಳ ಒಳ್ಳೆಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ಗಾಜು ಬಂದ ಮೇಲೆ ಅದರಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಮೋಡ ಕವಿದ ದಿನದ ಬಯಲು ಬೆಳಕು ಇದಕ್ಕೆ ಬಹಳ ಒಳ್ಳೆಯದು, ಆ ಭಾಗ್ಯ ನಿಮ್ಮೂರಿನಲ್ಲಿ ಈಗ ಧಾರಾಳವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಕೊಂಡವರಿಗೆ ಹೋಗುವುದಿಲ್ಲ. ನೀವಾಗಿ ಬರೆದುಕೊಟ್ಟರೆ ಮಾತ್ರ ಹೋಗುತ್ತದೆ. ಮುಂದೆ ಆ ಚಿತ್ರವನ್ನು ಪುಸ್ತಕಕ್ಕೋ ಕ್ಯಾಲೆಂಡರಿಗೋ ಬಳಸಬೇಕೆಂದರೆ ನಿಮ್ಮ ಬಳಿ ಛಾಯಾಚಿತ್ರವಾದರೂ ಇರಬೇಕಲ್ಲ. ಹಣ ಪಡೆದು ಒಬ್ಬರ ಕೋರಿಕೆಯ ಮೇರೆಗೆ ಬರೆದುಕೊಟ್ಟ ಚಿತ್ರದ ನಿಯಮ ಬೇರೆ. ಅಲ್ಲಿ ಬೇರೆ ಕರಾರು ಇಲ್ಲದಿದ್ದರೆ ಬರೆಸಿದವರೇ ಮೊದಲ ಒಡೆಯರಾಗುತ್ತಾರೆ.

ಉತ್ತರ 4: ಹಳೆಯ ಕ್ಯಾನ್ವಾಸ್ (ಬೆಂಗಳೂರು)

ನೀಲಿಮಸಿಯವರೇ, ಬೆಲೆಪಟ್ಟಿ ಮೇಜಿನ ಮೇಲಿರಲಿ ಎಂಬುದನ್ನು ನಾನು ಒಪ್ಪಲಾರೆ. ಮೊದಲ ಸಲ ಗ್ಯಾಲರಿಗೆ ಬರುವ ಮಧ್ಯಮವರ್ಗದ ಮನುಷ್ಯ ಬೆಲೆ ಕೇಳಲು ನಾಚುತ್ತಾನೆ. ಕೇಳಿದ ಮೇಲೆ ಕೊಳ್ಳದಿದ್ದರೆ ಏನೆಂದುಕೊಳ್ಳುತ್ತಾರೋ ಎಂದು ಕೇಳದೆಯೇ ಹೊರಟುಹೋಗುತ್ತಾನೆ. ಸೀರೆ ಅಂಗಡಿಯಲ್ಲೂ ಬೆಲೆಯ ಚೀಟಿ ಇರುವಾಗ ಚಿತ್ರಕ್ಕೇಕೆ ಮುಚ್ಚುಮರೆ?

ಉದ್ಘಾಟನೆಯ ಬಗ್ಗೆ ಎರಡು ಮಾತು ಮರೆತಿದ್ದೆ. ದೀಪದ ಕಂಬವನ್ನು ಚಿತ್ರಗಳಿಂದ ದೂರ, ಸಾಧ್ಯವಾದರೆ ಹೊರಗಿನ ಅಂಗಳದಲ್ಲಿ ಇರಿಸಿ. ಅತಿಥಿಗಳು ಮೂವರಿಗಿಂತ ಹೆಚ್ಚು ಬೇಡ. ಶಾಲು, ಹಾರ, ಭಾಷಣ ಮುಗಿಯುವ ಹೊತ್ತಿಗೆ ಚಿತ್ರ ನೋಡಲು ಬಂದವರು ಕಾಫಿ ಕುಡಿದು ಹೋಗಿರುತ್ತಾರೆ.

ಪ್ರಶ್ನೆ ಕೇಳಿದವರಿಂದ: ಸೋಗೆಮನೆ (ಸಾಗರ)

ಮೂವರಿಗೂ ಅನಂತ ಧನ್ಯವಾದಗಳು. ನಿನ್ನೆ ಭಾನುವಾರ ಗ್ರಾಫ್ ಕಾಗದದ ಮೇಲೆ ಚೂರುಗಳನ್ನು ಜೋಡಿಸುತ್ತ ಕುಳಿತೆ. ಮೆಟ್ಟುಗತ್ತಿಯ ಚಿತ್ರಗಳು ಐದಿದ್ದವು, ಎರಡನ್ನು ಉಳಿಸಿಕೊಂಡೆ. ನನಗೆ ಬಹಳ ಪ್ರಿಯವಾದ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ತೂಗಿಕೊಂಡು ದಾಟುವ ಚಿತ್ರವನ್ನು ಎಲ್ಲಿಟ್ಟರೂ ಪಕ್ಕದವು ಸತ್ತಂತಾಗುತ್ತಿದ್ದವು. ಅದನ್ನು ಬಿಡಲು ಮನಸ್ಸು ಬಾರದೆ, ಮೇಜಿನ ಹಿಂದಿನ ಚಿಕ್ಕ ಗೋಡೆಗೆ ಒಂಟಿಯಾಗಿ ಹಾಕಲು ನಿರ್ಧರಿಸಿದ್ದೇನೆ. ಒಟ್ಟು 19ಕ್ಕೆ ಬಂದು ನಿಂತಿದೆ. ಬೆಲೆಯನ್ನು ಚೀಟಿಯಲ್ಲೇ ಹಾಕುತ್ತೇನೆ. ನೀಲಿಮಸಿಯವರು ಕ್ಷಮಿಸಬೇಕು, ಬೆಲೆ ಕೇಳಲು ನಾಚುವವರಲ್ಲಿ ನಾನೂ ಒಬ್ಬಳು. ಚೊಗರಿನ ಕಾಗದವನ್ನು ಕಿಟಕಿಗೆ ಅಂಟಿಸಿದ್ದೇನೆ, ಆದರೆ ಬಿಸಿಲು ಬರಬೇಕಲ್ಲ!

ಒಂದೇ ಸಂದೇಹ ಉಳಿದಿದೆ. ಹಂಡೆಯ ಚಿತ್ರದಲ್ಲಿ ಬೆಂಕಿಯ ಕೆಳಭಾಗಕ್ಕೆ ಇನ್ನೂ ಒಂದು ಪದರ ಗಾಢ ಕೆಂಪು ಬೇಕೆನಿಸುತ್ತಿದೆ. ನವೆಂಬರ್‌ನಲ್ಲಿ ಹಚ್ಚಿದರೆ ನಡೆಯುತ್ತದೆಯೇ?

ಉತ್ತರ 5: ಹಳೆಯ ಕ್ಯಾನ್ವಾಸ್ (ಬೆಂಗಳೂರು)

ಮೇಡಂ, ನವೆಂಬರ್ ಬೇಡ. ಹಚ್ಚುವುದಿದ್ದರೆ ಕೆಳಗಿನ ಪದರ ಬೆರಳಿಗೆ ಅಂಟುವುದು ನಿಂತ ಕೂಡಲೇ, ಆಗಸ್ಟ್ ಕೊನೆಯೊಳಗೆ, ತೆಳುವಾಗಿ ಹಚ್ಚಿ ಮುಗಿಸಿ. ಮೇಲಿನ ಪದರದಲ್ಲಿ ಎಣ್ಣೆ ಕೆಳಗಿನದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಅಲಿಜರಿನ್‌ಗೆ ಸ್ವಲ್ಪ ಬರ್ನ್ಟ್ ಅಂಬರ್ ಬೆರೆಸಿದರೆ ಬೇಗ ಒಣಗುತ್ತದೆ, ಕೆಂಡದ ಕೆಳಗಿನ ಕತ್ತಲೂ ಸಿಗುತ್ತದೆ. ಚಿತ್ರವನ್ನು ಬಚ್ಚಲೊಲೆಯ ಗೋಡೆಯ ಆಚೆಗಿನ ಕೋಣೆಯಲ್ಲಿ, ಹೊಗೆ ತಾಗದಂತೆ, ಗಾಳಿ ಬೆಳಕು ಬರುವ ಕಡೆ ಮುಖಮಾಡಿ ನಿಲ್ಲಿಸಿ. ಗೋಡೆಯ ಕಡೆಗೆ ತಿರುಗಿಸಿ ಕತ್ತಲೆಯಲ್ಲಿಟ್ಟರೆ ಎಣ್ಣೆ ಹಳದಿಗೆ ತಿರುಗುತ್ತದೆ. ಪ್ರದರ್ಶನದಲ್ಲಿ ವಾರ್ನಿಷ್ ಇಲ್ಲದೆಯೇ ಹಾಕಿ. ಯಾರಾದರೂ ಕೊಂಡರೆ, ಮುಂದಿನ ಬೇಸಿಗೆಯಲ್ಲಿ ಬಂದು ಹಚ್ಚಿಕೊಡುತ್ತೇನೆಂದು ರಸೀದಿಯಲ್ಲೇ ಬರೆದುಕೊಡಿ. ಹಂಡೆಯ ಚಿತ್ರಕ್ಕೆ ನೈಲಾನ್ ದಾರ ಕಟ್ಟಬೇಡಿ, ಎರಡು ಡಿ-ರಿಂಗ್ (D ಆಕಾರದ ಲೋಹದ ಬಳೆ) ಹಾಕಿಸಿ ಎರಡು ಬೇರೆ ಬೇರೆ ಕೊಕ್ಕೆಗಳಿಂದ ತೂಗುಹಾಕಿ. 5 ಅಡಿ ಅಗಲದ ಚಿತ್ರ ಒಂದೇ ಮೊಳೆಯ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಓರೆಯಾಗಿ, ಆರು ದಿನವೂ ನೀವು ಎದ್ದೆದ್ದು ಸರಿಪಡಿಸುತ್ತಿರಬೇಕಾಗುತ್ತದೆ.